ಮದನಿಕೆಯ ಪೀಠದಲ್ಲಿ ಒಂದು ಹೆಸರು

ಪ್ರತಿ ವರ್ಷ ಸೆಪ್ಟೆಂಬರ್ 5ರಂದು ಶಿಕ್ಷಕರಿಗೆ ಪ್ರಶಸ್ತಿ ಸಂದ ಸುದ್ದಿ ಓದುತ್ತೀರಿ. ಒಳ್ಳೆಯ ಕೆಲಸಗಾರನ ಹೆಸರನ್ನು ಎಲ್ಲಿ, ಹೇಗೆ ಬರೆದಿಡಬೇಕು? ಈ ಪ್ರಶ್ನೆಗೆ ಹಾಸನ ಜಿಲ್ಲೆಯ ಕಲ್ಲುಗಳಲ್ಲಿ ಹಳೆಯ ಉತ್ತರವೊಂದಿದೆ.

ವಿಷ್ಣುವರ್ಧನನು ಬೇಲೂರಿನಲ್ಲಿ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದ್ದು 1117ರಲ್ಲಿ. ಆ ಗುಡಿಯ ಮದನಿಕೆಗಳನ್ನು ಕ್ಯಾಮೆರಾದ ಜೂಮ್ ಲೆನ್ಸಿನಲ್ಲಿ ಹತ್ತಿರ ತಂದರೆ, ಕೆಲವುದರ ಪೀಠದಲ್ಲಿ ಅಕ್ಷರಗಳು ಕಾಣುತ್ತವೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದವರ ಹೆಸರುಗಳವು. ಪ್ರತಿಸ್ಪರ್ಧಿಗಳನ್ನು ಕೆಣಕುವ ಬಿರುದುಗಳೂ ಉಂಟು. ಆ ಕಾಲದವರಿಗೆ ಸಂಕೋಚ ಕಡಿಮೆ! ಹಳೇಬೀಡಿನಲ್ಲೂ ಇಂಥ ರುಜುಗಳಿವೆ. ಹೆಸರು ಕೆಲಸದ ಬುಡದಲ್ಲೇ ಇರುವುದರಿಂದ ಯಾರು, ಏನು ಮಾಡಿದರು ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ.

ನಮ್ಮ ಶಿಕ್ಷಕ ಪ್ರಶಸ್ತಿಗಳ ಇತಿಹಾಸ ಇಷ್ಟು ದೀರ್ಘವಲ್ಲ. ರಾಷ್ಟ್ರಪ್ರಶಸ್ತಿ ಆರಂಭವಾದದ್ದು 1958ರಲ್ಲಿ, ಶಿಕ್ಷಕರ ದಿನಾಚರಣೆ 1962ರಲ್ಲಿ. ವಿಜ್ಞಾನ ಶಿಕ್ಷಕರಿಗೆಂದೇ ಇರುವ ಗೌರವವೂ ಒಂದುಂಟು. ಬೆಂಗಳೂರಿನ ರಸಾಯನ ವಿಜ್ಞಾನಿ ಸಿ.ಎನ್.ಆರ್. ರಾವ್ ಅವರಿಗೆ 2005ರಲ್ಲಿ ಡ್ಯಾನ್ ಡೇವಿಡ್ ಪ್ರಶಸ್ತಿ ಬಂತು. ಆ ಹಣದಿಂದ ಹುಟ್ಟಿದ ಶಿಕ್ಷಣ ಪ್ರತಿಷ್ಠಾನವು ಉತ್ತಮ ವಿಜ್ಞಾನ ಶಿಕ್ಷಕರಿಗೆ ಬಹುಮಾನ ಕೊಡುತ್ತದೆ.

ಇಂಥ ಹಲವು ಸಮಾರಂಭಗಳನ್ನು ನಾನು ಚಿತ್ರೀಕರಿಸಿದ್ದೇನೆ. ಸೇವೆಯ ವರ್ಷಗಳು, ಶೇಕಡಾವಾರು ಫಲಿತಾಂಶ, ಶಾಲು, ಹಾರ ಎಲ್ಲವೂ ಇರುತ್ತವೆ. ಆ ಮೇಷ್ಟ್ರು ಯಾವ ಪಾಠವನ್ನು ಹೇಗೆ ಮಾಡುತ್ತಿದ್ದರು ಎಂಬುದು ಮಾತ್ರ ಬಿನ್ನವತ್ತಳೆಯಲ್ಲಿ ಸಿಗುವುದೇ ಅಪರೂಪ.

ನಮ್ಮ ಹೈಸ್ಕೂಲಿನ ವಿಜ್ಞಾನ ಮೇಷ್ಟ್ರು ಅರಸೀಕೆರೆಯಿಂದ ನಮ್ಮನ್ನು ಬಸ್ಸಿನಲ್ಲಿ ಬೇಲೂರಿಗೆ ಕರೆದೊಯ್ದಿದ್ದರು. ಹೊರಡುವ ಮುನ್ನ ಒಂದು ಬಳಪದ ಕಲ್ಲನ್ನು ಕೈಗಿತ್ತು, "ಉಗುರಿನಿಂದ ಗೀರ್ರೋ" ಎಂದರು. ಗೆರೆ ಮೂಡಿತು. ಗುಡಿಯೊಳಗೆ ಕನ್ನಡಿಯಂತೆ ಹೊಳೆಯುವ ಕಂಬಗಳ ಮುಂದೆ ನಿಂತು, "ಇದೂ ಅದೇ ಜಾತಿಯ ಕಲ್ಲು. ಇಷ್ಟು ಸಮನಾದ ಬಳೆಗಳನ್ನು ಹೇಗೆ ಕೊರೆದರು?" ಎಂದು ಕೇಳಿದರು. ಯಾರಿಗೂ ಹೊಳೆಯಲಿಲ್ಲ. ಕುಂಬಾರನ ತಿಗರಿಯನ್ನು ನೆನಪಿಸಿದರು. ಕಲ್ಲನ್ನೇ ತಿರುಗಿಸಿ ಉಳಿ ಹಿಡಿದಿರಬೇಕೆಂದು ನಮ್ಮಲ್ಲೊಬ್ಬ ಕೂಗಿದ. ಗಣಿಯಿಂದ ತೆಗೆದಾಗ ಮೆತ್ತಗಿರುವ ಈ ಕಲ್ಲು ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುತ್ತದೆ ಎಂಬುದನ್ನು ಅವರು ಹೇಳಿದ್ದು ಆಮೇಲೆ. ವಾಪಸು ಬರುವಾಗ ಅರಸೀಕೆರೆಯ ಈಶ್ವರ ಗುಡಿಯ ನಕ್ಷತ್ರಾಕಾರದ ಮಂಟಪದಲ್ಲಿ ಕೋನಗಳನ್ನು ಎಣಿಸಲು ಹಚ್ಚಿದರು.

ಅವರಿಗೆ ಯಾವ ಪ್ರಶಸ್ತಿಯೂ ಬರಲಿಲ್ಲ. ಬಂದಿದ್ದರೆ ಬಿನ್ನವತ್ತಳೆಯ ಮೊದಲ ಸಾಲಿನಲ್ಲಿ ನಾನು ಬರೆಸುತ್ತಿದ್ದುದು ಆ ಬಳಪದ ಕಲ್ಲನ್ನು.