ಊರು ಬಿಟ್ಟ ನೇಗಿಲು

ಕ್ಯಾಂಪಿನಿಂದ ಖಾನಾಪುರ ರಸ್ತೆ ಹಿಡಿದು ಹೊರಟರೆ ಟಿಳಕವಾಡಿಯ ಆಚೆ ಉದ್ಯಮಬಾಗ ಎದುರಾಗುತ್ತದೆ. ಅಲ್ಲಿ ಕರಗಿದ ಕಬ್ಬಿಣ ಅಚ್ಚಿಗಿಳಿದು ಯಂತ್ರಗಳ ಬಿಡಿಭಾಗವಾಗುತ್ತದೆ. ಎರಕದ ವಿದ್ಯೆ ಇಷ್ಟು ಆಳವಾಗಿ ಬೇರೂರಿದ ಈ ಊರು ಒಂದು ಕಾಲದಲ್ಲಿ ತನ್ನ ಹೆಸರಾಂತ ಉದ್ಯಮಿಯನ್ನೇ ಕಳೆದುಕೊಂಡಿತ್ತು.

ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಜನಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಮುಂಬಯಿಯ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಅಧ್ಯಾಪಕರಾಗಿದ್ದರು. ತಮಗೆ ಸಲ್ಲಬೇಕಾದ ಬಡ್ತಿ ಬೇರೊಬ್ಬರ ಪಾಲಾದಾಗ ಕೆಲಸ ತೊರೆದು ಬೆಳಗಾವಿಗೆ ಮರಳಿದರು. ಸೈಕಲ್ ಅಂಗಡಿಯ ಜೊತೆಗೆ ಮೇವು ಕತ್ತರಿಸುವ ಯಂತ್ರವನ್ನೂ ಕಬ್ಬಿಣದ ನೇಗಿಲನ್ನೂ ತಯಾರಿಸಿದರು. ಕಬ್ಬಿಣ ತಾಗಿದರೆ ಮಣ್ಣು ವಿಷವಾದೀತೆಂದು ರೈತರು ಅಂಜಿದರು. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತು. ಅಷ್ಟರಲ್ಲಿ ಕಾರ್ಖಾನೆಯ ಜಾಗವನ್ನು ತೆರವು ಮಾಡಬೇಕಾಯಿತು. ಆಗ ಕೈಹಿಡಿದವರು ಔಂಧ್ ಸಂಸ್ಥಾನದ ರಾಜರು. ಅವರು ಕೊಟ್ಟ ಬಂಜರು ಭೂಮಿ ಹಾಗೂ ಸಾಲದ ಬಲದಿಂದ 1910ರಲ್ಲಿ ಕುಂಡಲದ ಬಳಿ ಕಿರ್ಲೋಸ್ಕರವಾಡಿ ತಲೆಯೆತ್ತಿತು.

ಪ್ರತಿಭೆ ನಮ್ಮದು, ಅದಕ್ಕೆ ಆಸರೆಯಾದದ್ದು ಪರಸ್ಥಳ. ಶಾಲೆ, ಸರಕಾರ, ಸಾಲ, ಕಾರ್ಖಾನೆ, ಕೊಳ್ಳುವವರು ಇವೆಲ್ಲ ಒಂದಕ್ಕೊಂದು ಹೆಣೆದುಕೊಂಡ ಬಲೆಯೇ ಹಿಂದುಳಿದ ನಾಡನ್ನು ಮುಂದೊಯ್ಯುತ್ತದೆ. ಜಪಾನಿನ ಏಳ್ಗೆಯನ್ನು ಅಭ್ಯಸಿಸಿದ ಕ್ರಿಸ್ಟೋಫರ್ ಫ್ರೀಮನ್ 1987ರಲ್ಲಿ ಇದನ್ನೇ ರಾಷ್ಟ್ರೀಯ ನಾವೀನ್ಯ ವ್ಯವಸ್ಥೆ ಎಂದು ವಿವರಿಸಿದರು. ಪರದೇಶದ ಯಂತ್ರವನ್ನು ಕೊಳ್ಳುವುದಷ್ಟೇ ಸಾಲದು. ಅದನ್ನು ಬಿಚ್ಚಿ, ಅರಿತು, ತಿದ್ದಿ ಕಟ್ಟುವ ಸಾಮರ್ಥ್ಯ ನಾಡಿನೊಳಗೆ ಬೆಳೆಯಬೇಕು.

ಮೈಸೂರು ಸಂಸ್ಥಾನ ಇದನ್ನು ಬೇಗನೆ ಮನಗಂಡಿತ್ತು. ಟಾಟಾ ಅವರ ದತ್ತಿಗೆ ಸಂಸ್ಥಾನದ 371 ಎಕರೆ ಭೂಮಿ ಕೂಡಿಕೊಂಡು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 1909ರಲ್ಲಿ ಸ್ಥಾಪನೆಯಾಯಿತು. 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಆರಂಭವಾಗಿ, ಯಂತ್ರಗಳನ್ನು ಹೆರುವ ಯಂತ್ರವಾದ ಲೇತ್ ಹರಿಹರದಲ್ಲಿ ತಯಾರಾಗತೊಡಗಿತು. ಆ ಕಾರ್ಖಾನೆ ಮುಂದೆ ಮುಚ್ಚಿತು. ಹೆಣೆದ ಬಲೆಯನ್ನು ಆಗಾಗ ದುರಸ್ತಿ ಮಾಡದಿದ್ದರೆ ಅದೂ ಹರಿಯುತ್ತದೆ.

ಇಂದು ಬೆಳಗಾವಿಯಲ್ಲಿ 1998ರಿಂದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವಿದೆ. ಹತ್ತರಗಿಯಲ್ಲಿ ವಿಮಾನಗಳ ಬಿಡಿಭಾಗಗಳು ತಯಾರಾಗುತ್ತಿವೆ. ಆದರೆ ಎರಕದ ಮನೆಯಲ್ಲಿ ಬೆವರು ಸುರಿಸುವ ತಂದೆಯ ಪ್ರಶ್ನೆಗೆ ಕಾಲೇಜಿನಲ್ಲಿ ಓದುವ ಮಗಳ ಪ್ರಯೋಗಾಲಯ ಕಿವಿಗೊಡುತ್ತಿದೆಯೇ? ಒಂದೇ ಮನೆಯ ಈ ಎರಡು ಜ್ಞಾನಗಳು ಊಟದ ಹೊತ್ತಿನಲ್ಲಾದರೂ ಮಾತಾಡಿಕೊಳ್ಳಲಿ. ಕೈಯ ಕಸುಬನ್ನು ಕೀಳೆಂದು ಮಕ್ಕಳಿಗೆ ಕಲಿಸದಿರೋಣ. ಇನ್ನೊಂದು ನೇಗಿಲು ಊರು ಬಿಡದಂತೆ ಕಾಯುವ ಕೆಲಸ ಅಲ್ಲಿಂದಲೇ ಮೊದಲಾಗುತ್ತದೆ.