ಬೀಗ ಹಾಕಿದವರು, ಬೀಗ ಒಡೆದವರು: ಚಿಪ್ ಭದ್ರತೆಯ ಉಲ್ಲೇಖಗಳ ಜಾಡು

1917ರಲ್ಲಿ ಮಂಗಳೂರಿನ ಸರ್ಕಾರಿ ಕಾಲೇಜಿಗೆ ಪಾಠ ಹೇಳಲು ಬಂದ ಗಣಿತದ ತರುಣ ಮೇಷ್ಟ್ರು ಎಸ್.ಆರ್. ರಂಗನಾಥನ್. ಆ ಕಾಲೇಜು ಈಗ ಹಂಪನಕಟ್ಟೆಯ ವಿಶ್ವವಿದ್ಯಾನಿಲಯ ಕಾಲೇಜು. ಮುಂದೆ ಭಾರತೀಯ ಗ್ರಂಥಾಲಯ ವಿಜ್ಞಾನಕ್ಕೆ ತಳಪಾಯ ಹಾಕಿದ ಅವರು, 1948ರಲ್ಲಿ ಇಂಗ್ಲೆಂಡಿನ ಸಮ್ಮೇಳನವೊಂದರಲ್ಲಿ ಗ್ರಂಥಾಲಯದ ಕೆಲಸವನ್ನೂ ಅಂಕಿಸಂಖ್ಯೆಯಿಂದ ಅಳೆಯಬೇಕೆಂದು ಹೇಳಿ ಆ ವಿದ್ಯೆಗೆ ‘ಲೈಬ್ರಮೆಟ್ರಿ’ ಎಂದು ಹೆಸರಿಟ್ಟರು. 1962ರಲ್ಲಿ ಬೆಂಗಳೂರಿನಲ್ಲಿ ದಾಖಲೀಕರಣದ ಸಂಶೋಧನೆ-ತರಬೇತಿಗೆಂದು ಡಿಆರ್‌ಟಿಸಿ ಕೇಂದ್ರವನ್ನು ಕಟ್ಟಿದರು. ಅತ್ತ ಅಮೆರಿಕದಲ್ಲಿ ಯೂಜೀನ್ ಗಾರ್ಫೀಲ್ಡ್ 1964ರಲ್ಲಿ ವಿಜ್ಞಾನದ ಉಲ್ಲೇಖ ಸೂಚಿಯನ್ನು ಪ್ರಕಟಿಸಿದರು. ಯಾವ ಪ್ರಬಂಧವನ್ನು ಯಾರು ಎಷ್ಟು ಸಲ ನೆನೆದಿದ್ದಾರೆ ಎಂಬ ಲೆಕ್ಕ ಆಗಿನಿಂದ ಸಂಶೋಧಕರ ಬೆನ್ನಿಗಿದೆ.

ಹಂಪನಕಟ್ಟೆಯಿಂದ ಉತ್ತರಕ್ಕೆ ಹೆದ್ದಾರಿ ಹಿಡಿದರೆ ಸುರತ್ಕಲ್. 1960ರಲ್ಲಿ ಕೆಆರ್‌ಇಸಿಯಾಗಿ ಶುರುವಾಗಿ 2002ರಲ್ಲಿ ಎನ್‌ಐಟಿಕೆ ಆದ ಎಂಜಿನಿಯರಿಂಗ್ ಕಾಲೇಜು ಅಲ್ಲಿದೆ. ಅಲ್ಲಿ ಚಿಪ್ ವಿನ್ಯಾಸ ಕಲಿಯುವ ವಿದ್ಯಾರ್ಥಿ ಹಾರ್ಡ್‌ವೇರ್ ಭದ್ರತೆಯ ಮೇಲೆ ಪ್ರಾಜೆಕ್ಟ್ ಮಾಡಹೊರಟರೆ ಮೊದಲು ಕೈಹಾಕಬೇಕಾದ್ದು ಹಿಂದಿನ ಪ್ರಬಂಧಗಳನ್ನು ಹುಡುಕಿ ಓದುವ ಲಿಟರೇಚರ್ ಸರ್ವೇಗೆ. ಕೆಲವೇ ಹೆಸರುಗಳು ಅಲ್ಲಿ ಮತ್ತೆ ಮತ್ತೆ ಎದುರಾಗುತ್ತವೆ.

ಮೊದಲ ಹೆಸರು ಪಾಲ್ ಕೋಕರ್. ಗೂಢಲಿಪಿಯ ಲೆಕ್ಕಕ್ಕೆ ತಗಲುವ ಸಮಯವನ್ನು ಅಳೆದೇ ಗುಟ್ಟಿನ ಕೀಲಿಯನ್ನು ಪತ್ತೆಮಾಡಬಹುದೆಂದು ಅವರು 1996ರಲ್ಲಿ ತೋರಿಸಿದರು. 1999ರಲ್ಲಿ ಸಂಗಡಿಗರ ಜೊತೆ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು: ಸ್ಮಾರ್ಟ್ ಕಾರ್ಡ್ ಎಳೆದುಕೊಳ್ಳುವ ವಿದ್ಯುತ್ತಿನ ಏರಿಳಿತವೇ ಕೀಲಿಯನ್ನು ಬಿಟ್ಟುಕೊಡುತ್ತದೆ. ಅದೇ ವರ್ಷ ಇಂಥ ಸಂಶೋಧನೆಗೆ ವೇದಿಕೆಯಾದ ಚೆಸ್ ಎಂಬ ಹೆಸರಿನ ಸಮ್ಮೇಳನ ಶುರುವಾಯಿತು. 2002ರಲ್ಲಿ ಎಂಐಟಿಯ ಶ್ರೀನಿವಾಸ ದೇವದಾಸ್ ತಂಡ ಬೇರೊಂದು ದಾರಿ ತೆರೆಯಿತು. ಒಂದೇ ಅಚ್ಚಿನಿಂದ ಬಂದ ಎರಡು ಚಿಪ್‌ಗಳಲ್ಲೂ ಸೂಕ್ಷ್ಮ ವ್ಯತ್ಯಾಸ ಇರುತ್ತದೆ, ಅದನ್ನೇ ಬೆರಳಚ್ಚಿನಂತೆ ಬಳಸಬಹುದು ಎಂಬುದು ಅವರ ವಾದ. 2007ರ ಹೊತ್ತಿಗೆ ಚಿಪ್ಪಿನೊಳಗೆ ಕದ್ದು ಸೇರಿಸಿದ ‘ಟ್ರೋಜನ್’ಗಳನ್ನು ಹಿಡಿಯುವ ಮಾತು ಬಂತು, 2008ರಲ್ಲಿ ಈ ಕ್ಷೇತ್ರಕ್ಕೆಂದೇ ಹೋಸ್ಟ್ ಸಮ್ಮೇಳನ ಹುಟ್ಟಿತು.

ಅದೇ 2008ರಲ್ಲಿ ರಾಯ್, ಕೌಶನ್‌ಫರ್, ಮಾರ್ಕೊವ್ ಎಂಬ ಮೂವರು ಚಿಪ್ಪಿಗೆ ಬೀಗ ಹಾಕುವ ಉಪಾಯ ಹೇಳಿದರು. ಸರ್ಕ್ಯೂಟಿನಲ್ಲಿ ಹೆಚ್ಚುವರಿ ಗೇಟುಗಳನ್ನು ಸೇರಿಸುವುದು. ಸರಿಯಾದ ಕೀಲಿ ಕೊಡದೆ ಚಿಪ್ ಸರಿಯಾದ ಉತ್ತರ ಕೊಡದು. ವಿನ್ಯಾಸ ಒಂದು ದೇಶದ್ದು, ತಯಾರಿಕೆ ಇನ್ನೊಂದು ದೇಶದ್ದು ಆಗಿರುವಾಗ ಕಳ್ಳಪ್ರತಿ ತಡೆಯಲು ಇದು ಒಳ್ಳೆಯ ದಾರಿ ಎಂದು ಹಲವರು ಹಿಂದೆ ಬಿದ್ದರು.

ಇಲ್ಲಿಂದ ಕತೆ ಕರ್ನಾಟಕಕ್ಕೆ ಹತ್ತಿರವಾಗುತ್ತದೆ. ಬೆಂಗಳೂರಿನ ಐಐಎಸ್ಸಿಯಲ್ಲಿ ಸಂಶೋಧನೆ ಮಾಡಿ ಪ್ರಿನ್ಸ್‌ಟನ್‌ಗೆ ಹೋದ ಪ್ರಮೋದ್ ಸುಬ್ರಮಣ್ಯನ್, 2015ರ ಹೋಸ್ಟ್ ಸಮ್ಮೇಳನದಲ್ಲಿ ಸಾಯಕ್ ರೇ, ಶರದ್ ಮಲಿಕ್ ಜೊತೆ ಒಂದು ಪ್ರಬಂಧ ಮಂಡಿಸಿದರು. ಬೀಗ ಹಾಕಿದ ವಿನ್ಯಾಸದ ನಕಾಶೆ ಕೈಯಲ್ಲಿದೆ, ಮಾರುಕಟ್ಟೆಯಿಂದ ಕೊಂಡ ಬೀಗ ತೆರೆದ ಚಿಪ್ಪೂ ಇದೆ ಎಂದಿಟ್ಟುಕೊಳ್ಳಿ. ಎರಡು ಕೀಲಿಗಳು ಬೇರೆ ಬೇರೆ ಉತ್ತರ ಕೊಡುವಂಥ ಒಂದು ಪ್ರಶ್ನೆಯನ್ನು ಕಂಪ್ಯೂಟರ್ ಹುಡುಕುತ್ತದೆ. ಅದನ್ನೇ ಚಿಪ್ಪಿಗೆ ಕೇಳಿ, ಬಂದ ಉತ್ತರಕ್ಕೆ ಹೊಂದದ ಕೀಲಿಗಳನ್ನೆಲ್ಲ ಒಟ್ಟಿಗೆ ಕೈಬಿಡುತ್ತದೆ. ಹೀಗೆ ಮತ್ತೆ ಮತ್ತೆ. ಇನ್ನು ಅಂಥ ಪ್ರಶ್ನೆಯೇ ಸಿಗದಿದ್ದಾಗ ಉಳಿದ ಕೀಲಿ ಬೀಗ ತೆರೆಯುತ್ತದೆ. ಅಲ್ಲಿಯವರೆಗಿನ ಬೀಗಗಳಲ್ಲಿ ಬಹುಪಾಲು ಇದಕ್ಕೆ ಸೋತವು.

ಆಮೇಲೆ ಏನಾಯಿತೆಂಬುದನ್ನು ಹೆಸರುಗಳೇ ಹೇಳುತ್ತವೆ. ಈ ದಾಳಿಯ ಹೆಸರು ‘ಸ್ಯಾಟ್’. ಅದನ್ನು ತಡೆಯಲೆಂದೇ 2016ರಲ್ಲಿ ಬಂದ ಎರಡು ಬೀಗಗಳು ‘ಸಾರ್‌ಲಾಕ್’ ಮತ್ತು ‘ಆಂಟಿ-ಸ್ಯಾಟ್’. 2017ರಲ್ಲಿ ಗಣಿತದ ಖಾತರಿ ಇರುವ ಬೀಗವೆಂದು ಇನ್ನೊಂದು ಬಂತು. 2019ರಲ್ಲಿ ದೀಪಕ್ ಸಿರೋನ್ ಜೊತೆ ಬರೆದ ಪ್ರಬಂಧದಲ್ಲಿ ಸುಬ್ರಮಣ್ಯನ್ ಅದರ ಮೇಲೂ ದಾಳಿಯ ದಾರಿ ತೋರಿಸಿದರು.

ಈಗ ಉಲ್ಲೇಖಗಳ ಲೆಕ್ಕಕ್ಕೆ ಬರೋಣ. 2005ರಲ್ಲಿ ಭೌತವಿಜ್ಞಾನಿ ಹಿರ್ಷ್ ಸೂಚಿಸಿದ ಎಚ್-ಇಂಡೆಕ್ಸ್ ಪ್ರಕಾರ, ತಲಾ ಕನಿಷ್ಠ 10 ಉಲ್ಲೇಖ ಪಡೆದ 10 ಪ್ರಬಂಧಗಳಿದ್ದರೆ ಅಂಕ 10. ಒಂದೇ ಪ್ರಬಂಧದಿಂದ ಕ್ಷೇತ್ರದ ದಿಕ್ಕನ್ನೇ ತಿರುಗಿಸಿದವರಿಗೆ ಆ ಪ್ರಬಂಧದ ಲೆಕ್ಕದಲ್ಲಿ ಸಿಗುವುದು 1. ಜೊತೆಗೆ, ಈ ಕ್ಷೇತ್ರದ ಮುಖ್ಯ ಕೆಲಸಗಳಲ್ಲಿ ಹಲವು ಮೊದಲು ಬರುವುದು ಸಮ್ಮೇಳನಗಳಲ್ಲಿ. ಉಲ್ಲೇಖಗಳ ಲೆಕ್ಕವಿಡುವ ಗೂಗಲ್ ಸ್ಕಾಲರ್ ಮತ್ತು ಸ್ಕೋಪಸ್ ಅವನ್ನು ಬೇರೆ ಬೇರೆ ರೀತಿ ಎಣಿಸುತ್ತವೆ. ಅದಕ್ಕಿಂತ ಮುಖ್ಯವಾದ ಮಾತು, ಮುರಿದ ಬೀಗಕ್ಕೂ ಉಲ್ಲೇಖ ಸಿಗುತ್ತಲೇ ಇರುತ್ತದೆ. ಮುಂದೆ ಬೀಗ ಮಾಡುವವರೆಲ್ಲ ಅದು ಎಲ್ಲಿ ಸೋತಿತೆಂದು ಹೇಳಲೇಬೇಕಲ್ಲ! ಗೆದ್ದದ್ದಕ್ಕೂ ಸೋತದ್ದಕ್ಕೂ ಎಣಿಕೆ ಒಂದೇ.

ಆದ್ದರಿಂದ ಸುರತ್ಕಲ್ಲಿನಲ್ಲಾಗಲಿ ಬೇರೆಲ್ಲೇ ಆಗಲಿ ಸರ್ವೇ ಬರೆಯಲು ಕೂತ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ: ಅಂಕಿ ನೋಡಿ ಪ್ರಬಂಧ ಆರಿಸಿದ ಮೇಲೆ, ಅದನ್ನು ಉಲ್ಲೇಖಿಸಿದ ಹತ್ತು ಪ್ರಬಂಧಗಳನ್ನಾದರೂ ತೆರೆದು, ಅದರ ಹೆಸರು ಬಂದಿರುವ ಆ ಒಂದು ವಾಕ್ಯವನ್ನು ಓದಿ.