ಸುರಕ್ಷತಾ ತರಬೇತಿ: ತಲೆಯಾಡಿಸಿದರೆ ಕಲಿತಂತೆ ಆಯಿತೇ?

“ಓದಿದ್ದರಲ್ಲಿ ಶೇ. 10, ಕೇಳಿದ್ದರಲ್ಲಿ ಶೇ. 20, ನೋಡಿದ್ದರಲ್ಲಿ ಶೇ. 30, ಸ್ವತಃ ಮಾಡಿದ್ದರಲ್ಲಿ ಶೇ. 90 ನೆನಪಿನಲ್ಲಿ ಉಳಿಯುತ್ತದೆ.” ತರಬೇತಿ ಕೊಡುವವರ ಸ್ಲೈಡುಗಳಲ್ಲಿ ಈ ಅಂಕಿಗಳು ಆಗಾಗ ಕಾಣಿಸುತ್ತವೆ. ಕೆಳಗೆ ಅಮೆರಿಕದ ಶಿಕ್ಷಣತಜ್ಞ ಎಡ್ಗರ್ ಡೇಲ್ ಅವರ ಹೆಸರಿರುತ್ತದೆ. ಡೇಲ್ 1946ರಲ್ಲಿ ‘ಅನುಭವದ ಶಂಕು’ ಎಂಬ ಚಿತ್ರವನ್ನು ಪ್ರಕಟಿಸಿದ್ದು ನಿಜ. ಆದರೆ ಅದರಲ್ಲಿ ಶೇಕಡಾವಾರು ಅಂಕಿ ಒಂದೂ ಇರಲಿಲ್ಲ. ಅವುಗಳನ್ನು ಬೇರೆಯವರು ಆಮೇಲೆ ಅಂಟಿಸಿದರು. ಇಷ್ಟು ದುಂಡನೆಯ ಸಂಖ್ಯೆಗಳಿಗೆ ಆಧಾರವಾದ ಪ್ರಯೋಗವೂ ಇಲ್ಲ.

ಹಾಗಾದರೆ ಕೆಲಸದ ಜಾಗದ ಸುರಕ್ಷತೆಯನ್ನು ಹೇಗೆ ಕಲಿಸಬೇಕು? ಇದು ತರಬೇತುದಾರರಿಗೆ ಮಾತ್ರ ಸಂಬಂಧಿಸಿದ ಪ್ರಶ್ನೆಯಲ್ಲ. ಪ್ರೆಸ್ ಯಂತ್ರಕ್ಕೆ ಕೈಕೊಡುವವರು, ಸಾರುವೆ ಹತ್ತುವವರು, ಒಳಚರಂಡಿ ಗುಂಡಿಗೆ ಇಳಿಯುವವರು ಸಂಜೆ ಮನೆಗೆ ಮರಳುವುದು ಇದರ ಮೇಲೂ ನಿಂತಿದೆ.

ಸಂಶೋಧನೆ ಏನು ಹೇಳುತ್ತದೆ?

ಮೈಕೆಲ್ ಬರ್ಕ್ ಮತ್ತು ಸಂಗಡಿಗರು 2006ರಲ್ಲಿ ಸುರಕ್ಷತಾ ತರಬೇತಿಯ ಕುರಿತ 95 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದರು. ಅವುಗಳಲ್ಲಿ ಸುಮಾರು 21 ಸಾವಿರ ಜನರ ಮಾಹಿತಿ ಇತ್ತು. ಭಾಷಣ, ವಿಡಿಯೊ, ಕರಪತ್ರಗಳಿಗಿಂತ ಕಲಿಯುವವರು ಸ್ವತಃ ಕೈಯಾಡಿಸಿ, ತಪ್ಪು ತಿದ್ದಿಸಿಕೊಂಡು, ಮತ್ತೆ ಮಾಡಿ ನೋಡುವ ತರಬೇತಿಯಿಂದ ಹೆಚ್ಚು ಫಲ ಸಿಕ್ಕಿತ್ತು. ಅಂದರೆ ಡೇಲ್ ಹೆಸರಿನ ಅಂಕಿಗಳು ಸುಳ್ಳಾದರೂ ‘ಮಾಡಿ ಕಲಿ’ ಎಂಬ ಮಾತಿಗೆ ಆಧಾರವಿದೆ.

ಇನ್ನೊಂದು ಅಧ್ಯಯನ ನೆನಪಿನದು. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕಿ, ಅದೂ 2006ರಲ್ಲಿ, ವಿದ್ಯಾರ್ಥಿಗಳಿಗೆ ಒಂದು ಪಾಠ ಓದಿಸಿದರು. ಒಂದು ಗುಂಪು ಅದನ್ನೇ ಮತ್ತೆ ಓದಿತು. ಇನ್ನೊಂದು ಗುಂಪು ಪುಸ್ತಕ ಮುಚ್ಚಿ ನೆನಪಾದದ್ದನ್ನು ಬರೆಯಿತು. ಐದು ನಿಮಿಷದ ಬಳಿಕ ಪರೀಕ್ಷಿಸಿದಾಗ ಮತ್ತೆ ಓದಿದವರೇ ಮುಂದಿದ್ದರು. ವಾರದ ಬಳಿಕ ಲೆಕ್ಕ ತಿರುಗಿತು: ಮತ್ತೆ ಓದಿದವರಿಗೆ ಶೇ. 42ರಷ್ಟು, ನೆನಪಿಸಿಕೊಂಡು ಬರೆದವರಿಗೆ ಶೇ. 56ರಷ್ಟು ನೆನಪಿತ್ತು. ತರಬೇತಿ ಮುಗಿದ ತಕ್ಷಣ “ಅರ್ಥ ಆಯ್ತಾ?” ಎಂದಾಗ ಎಲ್ಲರೂ ತಲೆಯಾಡಿಸುವುದನ್ನು ನಂಬಬಾರದು ಎನ್ನುವುದು ಇದಕ್ಕೇ.

ಇವೆರಡನ್ನೂ ಆಧರಿಸಿ, ಕಡಿಮೆ ಖರ್ಚಿನಲ್ಲಿ ಮಾಡಬಹುದಾದ ಕೆಲವು ಚಟುವಟಿಕೆಗಳನ್ನು ನೋಡೋಣ.

1. ಕಾಣದ ಅನಿಲವನ್ನು ಕಾಣಿಸುವುದು

ಒಂದು ಆಳವಾದ ಪಾತ್ರೆಯಲ್ಲಿ ಎತ್ತರದ್ದೊಂದು, ಗಿಡ್ಡದ್ದೊಂದು ಮೇಣದಬತ್ತಿ ನಿಲ್ಲಿಸಿ ಹಚ್ಚಿ. ಎರಡರ ಜ್ವಾಲೆಯೂ ಪಾತ್ರೆಯ ಅಂಚಿಗಿಂತ ಕೆಳಗಿರಲಿ. ತಳಕ್ಕೆ ಮೂರು ನಾಲ್ಕು ಚಮಚ ಅಡುಗೆ ಸೋಡ ಹಾಕಿ, ಅಂಚಿನಿಂದ ನಿಧಾನವಾಗಿ ವಿನಿಗರ್ ಸುರಿಯಿರಿ. ನೊರೆಯೆದ್ದು ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ. ಅದು ಗಾಳಿಗಿಂತ ಭಾರವಾದ್ದರಿಂದ ತಳದಲ್ಲಿ ತುಂಬುತ್ತದೆ. ಮೊದಲು ಗಿಡ್ಡ ಬತ್ತಿ ಆರುತ್ತದೆ, ಆಮೇಲೆ ಎತ್ತರದ್ದು. “ಗುಂಡಿಯ ಬಾಯಿಯಲ್ಲಿ ಉಸಿರಾಡಲು ತೊಂದರೆ ಇಲ್ಲ ಎಂದರೆ ತಳದಲ್ಲೂ ಇಲ್ಲ ಅಂತಲೇ?” ಎಂದು ಈಗ ಕೇಳಿ. ಉತ್ತರವನ್ನು ಕಾರ್ಮಿಕರೇ ಹೇಳುತ್ತಾರೆ.

ಇಲ್ಲೇ ಒಂದು ಹಳೆಯ ನಂಬಿಕೆಯನ್ನೂ ಒಡೆಯಬೇಕು. “ದೀಪ ಇಳಿಸಿ ನೋಡಿ, ಆರದಿದ್ದರೆ ಇಳಿಯಬಹುದು” ಎನ್ನುವುದು ಅಪಾಯಕಾರಿ. ಆಮ್ಲಜನಕ ತೀರಾ ಕಡಿಮೆಯಾದಾಗ ದೀಪ ಆರುತ್ತದೆ, ಆದರೆ ವಿಷಾನಿಲವನ್ನು ಅದು ತೋರಿಸುವುದಿಲ್ಲ. ಒಳಚರಂಡಿಯ ಹೈಡ್ರೋಜನ್ ಸಲ್ಫೈಡ್ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಸುಮಾರು 1000 ಭಾಗವಿದ್ದರೂ ಒಂದೆರಡು ಉಸಿರಿನಲ್ಲೇ ಮನುಷ್ಯ ಕುಸಿದು ಬೀಳಬಹುದು. ದೀಪ ಮಾತ್ರ ಉರಿಯುತ್ತಲೇ ಇರುತ್ತದೆ. ಗುಂಡಿಯಲ್ಲಿ ಮೀಥೇನ್ ಇದ್ದರೆ ಆ ದೀಪವೇ ಸ್ಫೋಟಕ್ಕೆ ಕಾರಣವಾಗಬಹುದು. ಮೂಗನ್ನೂ ನಂಬುವಂತಿಲ್ಲ: ಈ ಅನಿಲ ಮೊದಲು ಕೊಳೆತ ಮೊಟ್ಟೆಯಂತೆ ನಾರುತ್ತದೆ, ಸುಮಾರು 100 ಭಾಗ ತಲುಪಿದಾಗ ವಾಸನೆ ಹಿಡಿಯುವ ಶಕ್ತಿಯನ್ನೇ ಕಸಿದುಕೊಳ್ಳುತ್ತದೆ. ‘ವಾಸನೆ ಹೋಯಿತು’ ಎಂದರೆ ಅನಿಲ ಹೋಯಿತು ಎಂದಲ್ಲ, ಹೆಚ್ಚಾಯಿತು ಎಂದೂ ಇರಬಹುದು. ಅನಿಲ ಅಳೆಯುವ ಮೀಟರ್ ಒಂದೇ ಇಲ್ಲಿ ಸಾಕ್ಷಿ.

ಒಬ್ಬರು ಬಿದ್ದಾಗ ಎತ್ತಲು ಇಳಿದವರೂ ಸಾಯುವುದು ಇಂಥ ಅವಘಡಗಳಲ್ಲಿ ಮತ್ತೆ ಮತ್ತೆ ನಡೆಯುತ್ತದೆ. ಆದ್ದರಿಂದ “ನಿನ್ನ ಜೊತೆಗಾರ ಒಳಗೆ ಬಿದ್ದಿದ್ದಾನೆ, ಈಗ ಏನು ಮಾಡುತ್ತೀಯ?” ಎಂಬ ಸನ್ನಿವೇಶವನ್ನು ಅಭಿನಯಿಸಿ ತೋರಿಸಲು ಹೇಳಿ. ಇಳಿಯದೆ ನಿಲ್ಲುವುದನ್ನೂ, ಕೂಗಿ ಸಹಾಯ ಕರೆಯುವುದನ್ನೂ ಅಭ್ಯಾಸ ಮಾಡಿಸಬೇಕು. ಆ ಗಳಿಗೆಯಲ್ಲಿ ಮನಸ್ಸು ಬೇರೆಯದನ್ನೇ ಹೇಳುತ್ತದೆ.

2. ಅರಿಶಿನದ ಪರೀಕ್ಷೆ

ರಾಸಾಯನಿಕ ಮುಟ್ಟುವವರಿಗೆ ಗ್ಲೌಸ್ ಕೊಟ್ಟರೆ ಸಾಲದು, ತೆಗೆಯುವುದನ್ನೂ ಕಲಿಸಬೇಕು. ತೆಳು ಗ್ಲೌಸ್ ಹಾಕಿದ ಕೈಗೆ ನೀರಲ್ಲಿ ಕಲಸಿದ ಅರಿಶಿನ ಹಚ್ಚಿ, ಗ್ಲೌಸ್ ತೆಗೆಯಲು ಹೇಳಿ. ಆಮೇಲೆ ಬಟ್ಟೆ ಸೋಪಿನ ನೀರಲ್ಲಿ ಅದ್ದಿದ ಬಿಳಿ ಬಟ್ಟೆಯಿಂದ ಮಣಿಕಟ್ಟು, ಬೆರಳು ಒರೆಸಿ. ಸೋಪು ಕ್ಷಾರವಾದ್ದರಿಂದ ಅರಿಶಿನ ಕೆಂಪಗಾಗುತ್ತದೆ. ಬಟ್ಟೆಯ ಮೇಲಿನ ಪ್ರತಿ ಕೆಂಪು ಕಲೆಯೂ ಚರ್ಮಕ್ಕೆ ತಾಗಬಹುದಿದ್ದ ಆಮ್ಲವೋ ಕೀಟನಾಶಕವೋ ಎಂದು ವಿವರಿಸಿ. ಹೊರಮೈ ಮುಟ್ಟದೆ, ಒಳಮೈ ಹೊರಗೆ ಬರುವಂತೆ ಮಗುಚಿ ತೆಗೆಯುವ ಕ್ರಮ ತೋರಿಸಿ, ಮತ್ತೊಮ್ಮೆ ಪರೀಕ್ಷಿಸಿ.

ಇದರ ಜೊತೆಗೆ ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ತಿದ್ದಿ: ಗ್ಲೌಸ್ ಎಲ್ಲೆಡೆಯೂ ರಕ್ಷಣೆಯಲ್ಲ. ಲೇತ್, ಡ್ರಿಲ್ಲಿಂಗ್ ಯಂತ್ರದಂಥ ತಿರುಗುವ ಯಂತ್ರಗಳ ಮುಂದೆ ಗ್ಲೌಸೇ ಸಿಕ್ಕಿಕೊಂಡು ಕೈಯನ್ನು ಒಳಗೆಳೆಯಬಹುದು.

3. ಹೆಬ್ಬೆರಳಿಲ್ಲದ ಹತ್ತು ನಿಮಿಷ

ಹೆಬ್ಬೆರಳನ್ನು ಟೇಪಿನಿಂದ ಅಂಗೈಗೆ ಅಂಟಿಸಿ, ಅಂಗಿಯ ಗುಂಡಿ ಹಾಕಲು, ನೋಟು ಎಣಿಸಲು, ಅನ್ನ ಕಲಸಿದಂತೆ ಮಾಡಲು ಹೇಳಿ. ಮೊದಲು ಎಲ್ಲರೂ ನಗುತ್ತಾರೆ. ನಂತರ ಪ್ರೆಸ್ ಯಂತ್ರದ ಗಾರ್ಡ್ ಏಕೆ ತೆಗೆಯಬಾರದು ಎಂಬ ಮಾತು ತಾನಾಗಿಯೇ ಶುರುವಾಗುತ್ತದೆ.

4. ಏಣಿಯ ಲೆಕ್ಕ

ಒರಗಿಸುವ ಏಣಿ ಗೋಡೆಗೆ ತಾಗುವ ಜಾಗ 12 ಅಡಿ ಎತ್ತರದಲ್ಲಿದ್ದರೆ, ಬುಡ ಗೋಡೆಯಿಂದ 3 ಅಡಿ ದೂರ ಇರಬೇಕು. ಅಂದರೆ ನಾಲ್ಕಕ್ಕೆ ಒಂದು. ಅಳತೆಪಟ್ಟಿ ಬೇಕಿಲ್ಲ: ಏಣಿಯ ಬುಡಕ್ಕೆ ಕಾಲ್ಬೆರಳು ತಾಗಿಸಿ ನೆಟ್ಟಗೆ ನಿಂತು ತೋಳು ಮುಂದೆ ಚಾಚಿದರೆ ಅಂಗೈ ಮೆಟ್ಟಿಲಿಗೆ ಸಿಗಬೇಕು. ಪ್ರತಿಯೊಬ್ಬರೂ ಒಮ್ಮೆ ತಾವೇ ಏಣಿ ನಿಲ್ಲಿಸಲಿ.

5. ನಮ್ಮದೇ ಜಾಗ, ನಮ್ಮದೇ ತಪ್ಪು

ಬೇರೆ ದೇಶದ ಕಾರ್ಖಾನೆಯ ಚಿತ್ರಗಳ ಬದಲು ನಿಮ್ಮದೇ ಜಾಗದ ಐದಾರು ಫೋಟೊ ತೆಗೆಯಿರಿ. ಯಾರ ಮುಖವೂ ಕಾಣದಿರಲಿ. ಮೂವರ ಗುಂಪು ಮಾಡಿ, ಅಪಾಯಗಳನ್ನು ಹುಡುಕಲು ಹೇಳಿ. ಸೂಪರ್‌ವೈಸರ್ ಗಮನಿಸದ್ದನ್ನು ದಿನವೂ ಅಲ್ಲೇ ಕೆಲಸ ಮಾಡುವವರು ಹೇಳುತ್ತಾರೆ. ಹಾಗೆ ಹೇಳಿದ್ದು ವಾರದೊಳಗೆ ಸರಿಯಾದರೆ ಮುಂದಿನ ಸಲ ಇನ್ನಷ್ಟು ಜನ ಬಾಯಿ ಬಿಡುತ್ತಾರೆ. ಸರಿಯಾಗದಿದ್ದರೆ ಎಲ್ಲರೂ ಸುಮ್ಮನಾಗುತ್ತಾರೆ.

ಹೆದರಿಸುವ ವಿಡಿಯೊ ಬೇಕೇ?

ಅಪಘಾತದ ರಕ್ತಸಿಕ್ತ ದೃಶ್ಯ ತೋರಿಸಿದರೆ ಬುದ್ಧಿ ಬರುತ್ತದೆ ಎಂದು ಹಲವರು ನಂಬುತ್ತಾರೆ. ಕಿಮ್ ವಿಟ್ ಮತ್ತು ಮೈಕ್ ಅಲೆನ್ 2000ದಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ಹೆದರಿಕೆಯ ಜೊತೆಗೆ “ಇದನ್ನು ಹೀಗೆ ತಪ್ಪಿಸಬಹುದು, ಇದು ನಿನ್ನಿಂದ ಆಗುತ್ತದೆ” ಎಂಬ ಸ್ಪಷ್ಟ ದಾರಿ ಇದ್ದರೆ ಮಾತ್ರ ನಡವಳಿಕೆ ಬದಲಾಗುತ್ತದೆ. ದಾರಿ ತೋರಿಸದ ಹೆದರಿಕೆ “ನನಗೇನೂ ಆಗಲ್ಲ ಬಿಡಿ” ಎಂಬ ಉಡಾಫೆಗೆ ತಳ್ಳುತ್ತದೆ.

ಭಾಷೆಯ ಗೋಡೆ

ಬೆಂಗಳೂರಿನ ಕಟ್ಟಡ ಕಾಮಗಾರಿಗಳಲ್ಲಿ ರಾಯಚೂರು, ಕಲಬುರಗಿ ಕಡೆಯವರ ಜೊತೆ ಒಡಿಶಾ, ಬಿಹಾರ, ಪಶ್ಚಿಮ ಬಂಗಾಳದವರೂ ಇರುತ್ತಾರೆ. ಇಂಗ್ಲಿಷ್ ಸ್ಲೈಡು ಇವರಲ್ಲಿ ಹೆಚ್ಚಿನವರಿಗೆ ತಲುಪುವುದಿಲ್ಲ. ಇಂಥ ಕಡೆ ಮಾಡಿ ತೋರಿಸಿ, ಮಾಡಿಸಿ. ಆಮೇಲೆ ಒಬ್ಬರು ತಮ್ಮ ಭಾಷೆಯಲ್ಲಿ ಪಕ್ಕದವರಿಗೆ ಕಲಿಸಲಿ. ಕಲಿಸಲು ಬಂದರೆ ಕಲಿತಿದ್ದಾರೆ ಎಂದರ್ಥ.

ದಿನವಿಡೀ ಒಂದೇ ಸಲ ತರಬೇತಿ ಕೊಡುವ ಬದಲು, ಶಿಫ್ಟ್ ಶುರುವಾಗುವ ಮುನ್ನ ಹತ್ತು ನಿಮಿಷ, ಒಂದೇ ವಿಷಯ ಸಾಕು. ಮೊದಲ ಎರಡು ನಿಮಿಷ ಕಳೆದ ವಾರದ್ದನ್ನು ಅವರಿಂದಲೇ ಹೇಳಿಸಿ. ರೋಡಿಗರ್ ಪ್ರಯೋಗದ ಪಾಠವೇ ಇದು.

ಸಾಮಗ್ರಿ ಎಲ್ಲಿ ಸಿಗುತ್ತದೆ?

- ಯುರೋಪಿನ ‘ನಾಪೊ’ ಕಿರು ಅನಿಮೇಷನ್ ಚಿತ್ರಗಳಲ್ಲಿ ಮಾತೇ ಇಲ್ಲ. ಯಾವ ಭಾಷೆಯವರಿಗೂ ಅರ್ಥವಾಗುತ್ತವೆ, ಅಂತರಜಾಲದಲ್ಲಿ ಉಚಿತವಾಗಿ ಸಿಗುತ್ತವೆ.
- ಕೇಂದ್ರ ಸರ್ಕಾರದ ಡಿಜಿಫಾಸ್ಲಿ ಸಂಸ್ಥೆಗೆ ಮುಂಬೈನಲ್ಲಿ ಕೇಂದ್ರ ಕಾರ್ಮಿಕ ಸಂಸ್ಥೆಯೂ, ಚೆನ್ನೈ ಸೇರಿದಂತೆ ಹಲವೆಡೆ ಪ್ರಾದೇಶಿಕ ಸಂಸ್ಥೆಗಳೂ ಇವೆ. ಇಲ್ಲಿ ತರಬೇತಿಗಳು ನಡೆಯುತ್ತವೆ.
- 1966ರ ಮಾರ್ಚ್ 4ರಂದು ಸ್ಥಾಪನೆಯಾದ ರಾಷ್ಟ್ರೀಯ ಸುರಕ್ಷತಾ ಮಂಡಳಿ ಭಿತ್ತಿಪತ್ರ, ಪುಸ್ತಿಕೆಗಳನ್ನು ಒದಗಿಸುತ್ತದೆ. ಆ ದಿನವೇ ರಾಷ್ಟ್ರೀಯ ಸುರಕ್ಷತಾ ದಿನ.
- ಕರ್ನಾಟಕದಲ್ಲಿ ಕಾರ್ಖಾನೆಗಳ ಸುರಕ್ಷತೆಯ ಹೊಣೆ ಹೊತ್ತಿರುವುದು ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆ.

ತರಬೇತಿ ಕೊನೆಯ ಗೋಡೆ

ಕೆನಡಾದ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಪರಿಶೀಲನೆಯಲ್ಲಿ, ತರಬೇತಿಯಿಂದ ಕಾರ್ಮಿಕರ ನಡವಳಿಕೆ ಸುಧಾರಿಸುತ್ತದೆ ಎನ್ನಲು ಬಲವಾದ ಆಧಾರ ಸಿಕ್ಕಿತು. ತರಬೇತಿಯೊಂದರಿಂದಲೇ ಗಾಯಗಳು ಕಡಿಮೆಯಾಗುತ್ತವೆ ಎನ್ನಲು ಸಾಕಷ್ಟು ಆಧಾರ ಸಿಗಲಿಲ್ಲ. ಇದರಲ್ಲಿ ಆಶ್ಚರ್ಯವಿಲ್ಲ. ಅಪಾಯ ತಡೆಯುವ ಕ್ರಮ ಹೀಗಿದೆ: ಮೊದಲು ಅಪಾಯವನ್ನೇ ಇಲ್ಲವಾಗಿಸಬೇಕು, ಆಗದಿದ್ದರೆ ಕಡಿಮೆ ಅಪಾಯದ್ದನ್ನು ಬಳಸಬೇಕು, ನಂತರ ಗಾರ್ಡ್, ಕಟಕಟೆಯಂಥ ತಡೆ. ನಿಯಮ, ತರಬೇತಿ ಬರುವುದು ಆಮೇಲೆ. ಕಟ್ಟಕಡೆಗೆ ಹೆಲ್ಮೆಟ್, ಗ್ಲೌಸ್. ಗುಂಡಿಗೆ ಯಂತ್ರ ಇಳಿಸಿದರೆ ಮನುಷ್ಯ ಇಳಿಯಬೇಕಾಗಿಲ್ಲ. ಗಾರ್ಡ್ ಇಲ್ಲದ ಪ್ರೆಸ್ ಮುಂದೆ ಕೂರಿಸಿ “ಹುಷಾರಾಗಿರು” ಎಂದರೆ ಅದು ತರಬೇತಿಯಲ್ಲ, ಮಾಲೀಕರ ಹೊಣೆಯನ್ನು ಕಾರ್ಮಿಕನ ಹೆಗಲಿಗೆ ದಾಟಿಸುವುದು.

ತಿಳಿದುಕೊಳ್ಳುವುದು ಕಾರ್ಮಿಕರ ಹಕ್ಕು ಎಂಬ ಮಾತು ನಮ್ಮ ಕಾನೂನಿಗೆ ಬಂದದ್ದು ದೊಡ್ಡ ಬೆಲೆ ತೆತ್ತ ಮೇಲೆ. 1984ರ ಭೋಪಾಲ್ ಅನಿಲ ದುರಂತದ ಬಳಿಕ, 1987ರಲ್ಲಿ ಕಾರ್ಖಾನೆಗಳ ಕಾಯ್ದೆಗೆ ತಂದ ತಿದ್ದುಪಡಿ ಸುರಕ್ಷತೆಯ ಮಾಹಿತಿ ಮತ್ತು ತರಬೇತಿ ಪಡೆಯುವ ಹಕ್ಕನ್ನು ಬರಹದಲ್ಲಿ ಕೊಟ್ಟಿತು. ಮುಂದಿನ ಸಲ ತರಬೇತಿಯ ಹಾಜರಿ ಪುಸ್ತಕಕ್ಕೆ ಸಹಿ ಹಾಕಿಸುವ ಮುನ್ನ ಒಬ್ಬರನ್ನಾದರೂ ಎಬ್ಬಿಸಿ, “ಒಮ್ಮೆ ಮಾಡಿ ತೋರಿಸಿ” ಎನ್ನಿ. ಕಲಿತಿದ್ದಾರೋ ಇಲ್ಲವೋ ಅಲ್ಲೇ ತಿಳಿಯುತ್ತದೆ.